ಮರ ಹತ್ತುವವರ ತಲೆಗೆ ತಕ್ಕ ಟೊಪ್ಪಿ

ಮಲೆನಾಡಿನ ತೋಟಗಳಲ್ಲಿ ದುಡಿಯುವವರ ತಲೆಯನ್ನು ತಲೆಮಾರುಗಳಿಂದ ಕಾದದ್ದು ಅಡಿಕೆಯ ಹಾಳೆಟೊಪ್ಪಿ. ಕರಾವಳಿಯವರು ಅದನ್ನು ಮುಟ್ಟಾಳೆ ಎನ್ನುತ್ತಾರೆ. ಬಿಸಿಲು, ಚಗಳಿ ಇರುವೆ, ಬಾಳೆಯ ಸೊನೆ, ತಲೆಹೊರೆಯ ಒತ್ತು ಇವಿಷ್ಟಕ್ಕೂ ಅದು ಸಾಕು. ತೋಟದ ಹಾಳೆಯಿಂದಲೇ ಆಗಿ, ಕೊನೆಗೆ ತೋಟದ ಮಣ್ಣಿಗೇ ಸೇರುವ ಇಂಥ ವಸ್ತುವಿನ ಬಗ್ಗೆ ನಮಗೆ ಅಭಿಮಾನವಿರುವುದು ಸಹಜ. ಆದರೆ ಮೇಲಿನಿಂದ ಬೀಳುವ ಒಣಗೊಂಬೆಯನ್ನು ಹಾಳೆಟೊಪ್ಪಿ ತಡೆಯಲಾರದು. ಈ ಸರಳ ಸಂಗತಿಯನ್ನು ನಾವು ಬಲ್ಲೆವು, ಬಲ್ಲವರಂತೆ ನಡೆದುಕೊಂಡಿಲ್ಲ.

ಅಡಿಕೆ ಕೊಯ್ಯುವ ಕೊನೆಗೌಡರು, ಮಳೆಗಾಲದ ಜಾರುಮರವನ್ನೇರಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು, ಬೆಟ್ಟದಲ್ಲಿ ಸೊಪ್ಪು ಕಡಿಯುವವರು, ಕಾಫಿ ತೋಟಗಳಲ್ಲಿ ಮರಗಸಿ ಮಾಡುವವರು, ಗಾಳಿಗೆ ಮುರಿದ ಮರವನ್ನು ಯಂತ್ರಗರಗಸದಿಂದ ತುಂಡರಿಸುವವರು ಇವರಲ್ಲಿ ಹೆಚ್ಚಿನವರ ತಲೆ ಇಂದಿಗೂ ಬರಿದು. ಕೆಲವರ ತಲೆಯ ಮೇಲೆ ಹೆಲ್ಮೆಟ್ ಇದ್ದರೂ ಅದು ಆ ಕೆಲಸಕ್ಕೆ ಹೊಂದುವುದಿಲ್ಲ.

ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಕಟ್ಟಡದ ಕೆಲಸದವರು ಹಾಕುವಂಥ ನಾಲ್ಕು ಹಳದಿ ಹೆಲ್ಮೆಟ್‌ಗಳನ್ನು ಕೊಂಡು ತಂದು, ಕರ್ತವ್ಯ ಮುಗಿಯಿತೆಂದು ಸಮಾಧಾನಪಟ್ಟಿದ್ದೆ. ಒಂದೇ ದಿನದಲ್ಲಿ ಅವು ಕೊಟ್ಟಿಗೆಯ ಗೂಟ ಸೇರಿದವು. ಕಾರಣ ಕೇಳಿದಾಗ ಹಿರಿಯ ಕೊನೆಗೌಡರೊಬ್ಬರು, "ಮೇಲೆ ನೋಡಿದ್ರೆ ಬೀಳ್ತದೆ ಒಡೆಯಾ. ಅದನ್ನ ಹಿಡ್ಕಳದಾ, ಮರ ಹಿಡ್ಕಳದಾ?" ಎಂದರು. ಕೆಲಸಗಾರರ ಉದಾಸೀನವೆಂದು ನಾನು ತಿಳಿದದ್ದು ವಾಸ್ತವದಲ್ಲಿ ನನ್ನ ಅಜ್ಞಾನವಾಗಿತ್ತು. ಹೆಲ್ಮೆಟ್ ಆಯ್ಕೆಯ ಮೊದಲ ಪಾಠ ಆ ಪ್ರಶ್ನೆಯಲ್ಲಿಯೇ ಇದೆ: ನೆಲದ ಮೇಲೆ ನಿಂತವನ ಅಗತ್ಯ ಬೇರೆ, ಮರದ ಮೇಲಿರುವವನ ಅಗತ್ಯ ಬೇರೆ.

ನೆಲದಲ್ಲಿ ನಿಂತವನಿಗೆ ಅಪಾಯ ಬರುವುದು ಮುಖ್ಯವಾಗಿ ನೆತ್ತಿಯ ಮೇಲಿನಿಂದ. ಅಂಥವರಿಗೆಂದು ನಮ್ಮ ದೇಶದಲ್ಲಿ ಐಎಸ್ 2925 ಎಂಬ ಮಾನದಂಡವಿದೆ. ಯುರೋಪಿನಲ್ಲಿ ಇಎನ್ 397 ಇದೆ. ಇಎನ್ 397ರ ಅಡಿಯಲ್ಲಿ ಬಹುಕಾಲದಿಂದ ಬರುತ್ತಿರುವ ಹೆಲ್ಮೆಟ್‌ಗಳ ಗದ್ದಪಟ್ಟಿ 15ರಿಂದ 25 ಕಿಲೋ ಭಾರದಷ್ಟು ಎಳೆತಕ್ಕೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಹೆಲ್ಮೆಟ್ ಎಲ್ಲಿಯಾದರೂ ಸಿಕ್ಕಿಕೊಂಡರೆ ಪಟ್ಟಿ ಕೊರಳಿಗೆ ಉರುಳಾಗದಿರಲಿ ಎಂಬುದು ಇದರ ಉದ್ದೇಶ. ಮರದ ಮೇಲಿರುವವನ ಸ್ಥಿತಿ ಇದಕ್ಕೆ ವಿರುದ್ಧ. ಆತ ಕಾಲು ಜಾರಿ ಹಗ್ಗದಲ್ಲಿ ತೂಗಾಡಿದರೆ ತಲೆಯ ಬದಿಯೋ ಹಿಂಭಾಗವೋ ಕಾಂಡಕ್ಕೆ ಬಡಿಯುತ್ತದೆ. ಆ ಕ್ಷಣದಲ್ಲಿ ಹೆಲ್ಮೆಟ್ ಕಳಚಿಹೋಗಕೂಡದು. ಪರ್ವತಾರೋಹಿಗಳಿಗಾಗಿ ರೂಪಿಸಿದ ಇಎನ್ 12492 ಮಾನದಂಡದ ಪಟ್ಟಿ ಸುಮಾರು 50 ಕಿಲೋ ಎಳೆತವನ್ನು ತಡೆದುಕೊಳ್ಳಬೇಕು. ನೆತ್ತಿಯಲ್ಲದೆ ಮುಂದೆ, ಹಿಂದೆ, ಬದಿಗಳಲ್ಲಿಯೂ ಅದನ್ನು ಹೊಡೆದು ಪರೀಕ್ಷಿಸುತ್ತಾರೆ. ಆದ್ದರಿಂದ ಮರ ಹತ್ತುವವರಿಗೆ ಕೊಳ್ಳಬೇಕಾದದ್ದು ಹಗುರವಾದ, ಮುಂಚಾಚು ಚಿಕ್ಕದಾದ, ಗದ್ದದಡಿಯಲ್ಲಿ ಭದ್ರವಾಗಿ ನಿಲ್ಲುವ ಈ ಬಗೆಯದು.

ಮನೆಯಲ್ಲಿರುವ ಬೈಕಿನ ಹೆಲ್ಮೆಟ್ಟೇ ಸಾಲದೇ ಎಂದು ಕೇಳುವವರಿದ್ದಾರೆ. ಐಎಸ್ 4151 ಮುದ್ರೆಯ ಆ ಹೆಲ್ಮೆಟ್ ರಸ್ತೆಯ ಅಪಘಾತಕ್ಕಾಗಿ ಮಾಡಿದ್ದು. ಅದು ಭಾರ, ಕಿವಿ ಮುಚ್ಚುತ್ತದೆ, ಗಾಳಿಯಾಡದು, ಕತ್ತೆತ್ತಿ ನೋಡಲು ಅಡ್ಡಿ. ಕೆಳಗಿನವನ ಕೂಗು ಮೇಲಿನವನಿಗೆ ಕೇಳಿಸದಿದ್ದರೆ ಅದೇ ಒಂದು ಅಪಾಯ.

ಯಂತ್ರಗರಗಸ ಹಿಡಿದವರಿಗೆ ಕಣ್ಣು ಕಿವಿಗಳ ರಕ್ಷಣೆಯೂ ಬೇಕು. ಗರಗಸದ ಸದ್ದು ಸಾಮಾನ್ಯವಾಗಿ 100 ಡೆಸಿಬೆಲ್ ಮೀರುತ್ತದೆ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿಯೆಂದು ಇಟ್ಟುಕೊಂಡು, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿಯನ್ನು ಅರ್ಧಕ್ಕಿಳಿಸುವ ಲೆಕ್ಕದಲ್ಲಿ, 100 ಡೆಸಿಬೆಲ್ಲಿಗೆ ಉಳಿಯುವುದು ಕೇವಲ 15 ನಿಮಿಷ. ಕಿವಿಮುಚ್ಚುಗೆ ಮತ್ತು ಜಾಲರಿಯ ಮುಖಪರದೆ ಎರಡೂ ಕೂಡಿದ ಹೆಲ್ಮೆಟ್‌ಗಳು ದೊರೆಯುತ್ತವೆ. ಜಾಲರಿ ಮಂಜುಗಟ್ಟುವುದಿಲ್ಲ, ಆದರೆ ಸಣ್ಣ ಹುಡಿಯನ್ನು ಒಳಬಿಡುತ್ತದೆ. ಕಣ್ಣಿಗೆ ಕನ್ನಡಕವೂ ಇರಲಿ.

ಕೊಂಡದ್ದನ್ನು ಕಾಪಾಡಿಕೊಳ್ಳುವ ಕ್ರಮವನ್ನೂ ಅರಿಯಬೇಕು. ಹೊರಚಿಪ್ಪಿಗೂ ಒಳಪಟ್ಟಿಗಳಿಗೂ ನಡುವೆ ಸುಮಾರು ಒಂದಂಗುಲ ಖಾಲಿ ಜಾಗವಿರುತ್ತದೆ. ಪೆಟ್ಟಿನ ರಭಸ ಇಂಗುವುದು ಅಲ್ಲಿಯೇ. ಅದರೊಳಗೆ ಎಲೆಯಡಿಕೆಯ ಸಂಚಿ, ಬೀಡಿಕಟ್ಟು ತುರುಕಬಾರದು. ಹಾಳೆಟೊಪ್ಪಿಯ ಮೇಲೆ ಹೆಲ್ಮೆಟ್ ಏರಿಸಬಾರದು. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಪ್ಲಾಸ್ಟಿಕ್ ಬಲಗುಂದುತ್ತದೆ. ಪೆಟ್ರೋಲು, ಥಿನ್ನರು, ಬಣ್ಣ ತಾಗಿದರೂ ಕೆಡಬಹುದು. ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿಡಬೇಕು. ಒಳಬದಿಯಲ್ಲಿ ಗಡಿಯಾರದಂಥ ಅಚ್ಚೊತ್ತಿನಲ್ಲಿ ತಯಾರಿಯ ತಿಂಗಳು ವರ್ಷಗಳಿರುತ್ತವೆ. ಕೊಳ್ಳುವಾಗ ಅದನ್ನು ನೋಡಿ, ತಯಾರಕರು ಹೇಳಿದ ಅವಧಿ ಮೀರಿದರೆ ಬದಲಿಸಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಬಿರುಕು ಕಾಣದಿದ್ದರೂ ತ್ಯಾಜ್ಯವೇ.

ಇಷ್ಟೆಲ್ಲ ಹೇಳಿದ ಮೇಲೆ ಹೆಲ್ಮೆಟ್ಟಿನ ಮಿತಿಯನ್ನು ಮರೆಮಾಚುವುದು ವಿಜ್ಞಾನಕ್ಕೆ ಅಪಚಾರ. ಇಎನ್ 397ರ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸುತ್ತಾರೆ. ಅದರ ಶಕ್ತಿ ಸುಮಾರು 49 ಜೂಲ್. ಎರಡು ಕಿಲೋದ ಕೊಂಬೆಯೊಂದು 10 ಮೀಟರ್, ಅಂದರೆ 33 ಅಡಿ ಮೇಲಿನಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 50 ಕಿಲೋಮೀಟರ್, ಶಕ್ತಿ 196 ಜೂಲ್. ಪರೀಕ್ಷೆಯ ನಾಲ್ಕು ಪಟ್ಟು. ಐದು ಕಿಲೋ ತೂಗುವ ಅಡಿಕೆ ಕೊನೆ ಅದೇ ಎತ್ತರದಿಂದ ಬಿದ್ದರೆ ಹತ್ತು ಪಟ್ಟು. ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ತೋಟದ ಮರಗಳಿಗೆ ಹಾಕಿ ನೋಡಲಿ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು, ಹತ್ತುವ ಕಷ್ಟ ಕೆಲವೆಡೆ ತಪ್ಪಿದೆ. ಆದರೆ ದೋಟಿ ಹಿಡಿದವನು ಕೊನೆಯ ಕೆಳಗೇ ನಿಂತು ಮೇಲೆ ನೋಡುತ್ತಿರುತ್ತಾನೆ. ಹೆಲ್ಮೆಟ್ ಇದೆಯೆಂಬ ಧೈರ್ಯದಿಂದ ಅಲ್ಲಿ ನಿಲ್ಲುವುದು ಆತ್ಮವಂಚನೆ. ಕೊನೆ ಬೀಳುವ ಜಾಗ ಬಿಟ್ಟು ಓರೆಯಾಗಿ ನಿಲ್ಲುವುದೇ ಮೊದಲ ರಕ್ಷಣೆ. ಹಾಗೆಯೇ, ಮರದಿಂದ ಬೀಳುವವನನ್ನು ಹೆಲ್ಮೆಟ್ ತಡೆಹಿಡಿಯದು. ಆ ಕೆಲಸ ಸೊಂಟಪಟ್ಟಿ ಮತ್ತು ಹಗ್ಗದ್ದು. ಹೆಲ್ಮೆಟ್ ಕೊನೆಯ ಕಾವಲುಗಾರನೇ ಹೊರತು ಮೊದಲಿನದಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿ ನಿಂತಾಗ, ಮರಕ್ಕೂ ಕೊಡಲಿಗೂ ನಡುವೆ ಇದ್ದದ್ದು ಮನುಷ್ಯನ ಬರಿಯ ಮೈ. ಆ ಅಪ್ಪುಗೆಯ ನೆನಪು ನಮ್ಮ ಚಳವಳಿಯ ಬಂಡವಾಳ. ಮರವನ್ನು ಅನುದಿನವೂ ಅಪ್ಪಿ ಹತ್ತುವವರು ಇನ್ನೊಂದು ಬಗೆಯ ಜನರಿದ್ದಾರೆ. ಅವರು ಹೊಟ್ಟೆಪಾಡಿಗಾಗಿ, ನಮ್ಮ ಕೂಲಿಗಾಗಿ ಹತ್ತುತ್ತಾರೆ. ಒಂದೆರಡು ಎಕರೆಯ ನಮ್ಮ ತೋಟಗಳಿಗೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಅಲ್ಲಿ ಕಾನೂನು, ಕಾರ್ಖಾನೆ, ವಿಮೆ ಎಲ್ಲವೂ ತೋಟದ ಯಜಮಾನನ ಆತ್ಮಸಾಕ್ಷಿಯೊಂದೇ. ಮರ ಉಳಿಯಲೆಂದು ಭಾಷಣ ಮಾಡುವ ನಾವು, ಅದನ್ನು ಹತ್ತಿದವನು ಹಾಸಿಗೆ ಹಿಡಿದಾಗ ಒಂದು ತಿಂಗಳ ಅಕ್ಕಿ ಕೊಟ್ಟು ಋಣ ತೀರಿತೆಂದುಕೊಂಡರೆ ಆ ಪರಿಸರಪ್ರೇಮಕ್ಕೆ ಅರ್ಥವಿಲ್ಲ.

ಒಬ್ಬೊಬ್ಬರೇ ಕೊಳ್ಳಲಾಗದಿದ್ದರೆ ನಾಲ್ಕಾರು ಮನೆಗಳು ಕೂಡಿ, ಇಲ್ಲವೇ ಊರಿನ ಸಹಕಾರಿ ಸಂಘದ ಮೂಲಕ ಕೊಳ್ಳಬಹುದು, ಸರದಿಯಂತೆ ಬಳಸಬಹುದು. ಕೊಳ್ಳುವ ಮುನ್ನ ಅದನ್ನು ಹಾಕಿಕೊಳ್ಳುವವರನ್ನು ಅಂಗಡಿಗೆ ಕರೆದೊಯ್ಯಿರಿ. ಅವರ ತಲೆಗೆ ಹಾಕಿಸಿ, ಪಟ್ಟಿ ಬಿಗಿಸಿ, ಮೇಲೆ ನೋಡಲು ಹೇಳಿರಿ, ಬಗ್ಗಲು ಹೇಳಿರಿ. ಕೈ ಹಚ್ಚದೆ ಅದು ನಿಂತರೆ ಮಾತ್ರ ಹಣ ಕೊಡಿ. ನಾನು ಈ ವರ್ಷ ಹಾಗೆಯೇ ಮಾಡಿದೆ. ಮದ್ದು ಹೊಡೆಯುವ ಕಾಲದಲ್ಲಿ ಆ ಹೆಲ್ಮೆಟ್‌ಗಳು ಗೂಟಕ್ಕೆ ಮರಳಿದ್ದು ಸಂಜೆಯ ಹೊತ್ತಿನಲ್ಲಿ ಮಾತ್ರ.