ಫೈಲು ಒಳಗೆ ಹೋಗ್ತಾ ಇಲ್ಲ ಸರ್!

ಮೊನ್ನೆ ಶನಿವಾರ ಸಂಜೆ ಹೊರಗೆ ಜೋರು ಮಳೆ. ಬಿಸಿ ಬಿಸಿ ಗೋಳಿಬಜೆ, ಚಾ ಎದುರಿಗಿಟ್ಟುಕೊಂಡು ಕೂತಿದ್ದೆ ಅಷ್ಟೆ, ಆಫೀಸಿನ ಹುಡುಗನ ಫೋನು ಬಂತು.

"ಸರ್, ಫೈಲು ಒಳಗೆ ಹೋಗ್ತಾ ಇಲ್ಲ."

"ಎಂತ ಹೇಳ್ತದೆ ಅದು?"

"ಎಂತದೋ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದದ್ದುಂಟು ಸರ್. ಕೊನೆಗೆ ಓಕೆ ಅಂತ ಉಂಟು."

"ಓಕೆ ಒತ್ತಬೇಡ ಮಾರಾಯ!"

ನಾನು ಎಷ್ಟು ಜೋರಾಗಿ ಹೇಳಿದೆನೋ, ಒಳಗಿನಿಂದ ಅಮ್ಮ "ಎಂತಾಯ್ತು?" ಅಂತ ಓಡಿ ಬಂದರು. ಒಂದು ಓಕೆ ಗುಂಡಿಗೆ ಇಷ್ಟು ಹೆದರುವುದು ಯಾಕೆ ಅಂತ ನಿಮಗೂ ಅನ್ನಿಸಬಹುದು. ಅದನ್ನು ಹೇಳಲಿಕ್ಕೇ ಈ ಬರಹ.

ನಾನು ಸಾಫ್ಟ್‌ವೇರಿನವನು. ಮಂಗಳೂರಿನಲ್ಲಿ ಯಂತ್ರಗಳ ವಿನ್ಯಾಸ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಡ್ರಾಯಿಂಗುಗಳನ್ನು ಕಾಪಾಡುವ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಇದಕ್ಕೆ ನಾವು ವಾಲ್ಟ್ ಅನ್ನುತ್ತೇವೆ, ಅಂದರೆ ತಿಜೋರಿ. ಬೇರೆ ಬೇರೆ ಕಂಪನಿಗಳು ಇಂಥ ಸಾಫ್ಟ್‌ವೇರ್ ಮಾರುತ್ತವೆ, ಆದರೆ ಒಳಗಿನ ತತ್ವ ಹೆಚ್ಚುಕಡಿಮೆ ಒಂದೇ. ಫೈಲು ಬೇಕಾದರೆ ಚೆಕ್ ಔಟ್ ಮಾಡಿ ತೆಗೆದುಕೊಳ್ಳಬೇಕು. ಆಗ ಅದು ನಿಮ್ಮ ಹೆಸರಿನಲ್ಲಿ ಲಾಕ್ ಆಗುತ್ತದೆ. ಉಳಿದವರು ನೋಡಬಹುದು, ತಿದ್ದುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಚೆಕ್ ಇನ್ ಮಾಡಬೇಕು. ಆಗ ಹೊಸ ವರ್ಶನ್ ಒಳಗೆ ಹೋಗುತ್ತದೆ, ಹಳೆಯದೂ ಅಲ್ಲೇ ಉಳಿಯುತ್ತದೆ. ಲೈಬ್ರರಿಯ ಪುಸ್ತಕ ತಂದು ವಾಪಸು ಕೊಟ್ಟ ಹಾಗೆ.

ಕೇಳುವುದಕ್ಕೆ ಇಷ್ಟೇ. ಆದರೆ ನಮ್ಮ ಆಫೀಸಿನಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರು "ಒಳಗೆ ಹೋಗ್ತಾ ಇಲ್ಲ" ಅನ್ನುತ್ತಾರೆ.

ಯಾಕೆ ಅಂತ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಅಸೆಂಬ್ಲಿ ಫೈಲಿನೊಳಗೆ ನಿಜವಾಗಿ ಬಿಡಿಭಾಗಗಳು ಇರುವುದಿಲ್ಲ. ಯಾವ ಭಾಗ ಎಲ್ಲಿ ಇದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಡ್ರಾಯಿಂಗ್ ಫೈಲಿನಲ್ಲೂ ಹಾಗೆಯೇ. ಅಸೆಂಬ್ಲಿಯ ವಿಳಾಸ ಡ್ರಾಯಿಂಗಿಗೆ ಗೊತ್ತು, ಬಿಡಿಭಾಗಗಳ ವಿಳಾಸ ಅಸೆಂಬ್ಲಿಗೆ ಗೊತ್ತು. ಕದ್ರಿಯಲ್ಲಿದ್ದ ಗೆಳೆಯ ಹೇಳದೆ ಕೇಳದೆ ಕಂಕನಾಡಿಗೆ ಮನೆ ಬದಲಾಯಿಸಿದರೆ ಅವನಿಗೆ ಬರೆದ ಕಾಗದ ವಾಪಸು ಬರುತ್ತದಲ್ಲ, ಇಲ್ಲೂ ಅಷ್ಟೆ. ಒಂದು ಬೋಲ್ಟಿನ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದರೆ ಇಡೀ ಯಂತ್ರ ಅದನ್ನು ಹುಡುಕುತ್ತಾ ಕೂರುತ್ತದೆ.

ಹಾಗಾಗಿ ಚೆಕ್ ಇನ್ ಕೈಕೊಡುವುದಕ್ಕೆ ಕಾರಣಗಳೂ ಹಲವು. ಬಿಡಿಭಾಗದ ಫೈಲು ಡೆಸ್ಕ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಉಳಿದಿರುತ್ತದೆ. ಅಥವಾ ಇನ್ನೊಬ್ಬರು ಅದನ್ನು ಚೆಕ್ ಔಟ್ ಮಾಡಿಟ್ಟು ಊರಿಗೆ ಹೋಗಿರುತ್ತಾರೆ, "ಮನೆಯಲ್ಲಿ ಕೋಲ ಉಂಟು, ಸೋಮವಾರ ಬರ್ತೇನೆ" ಅಂತ. ಅಥವಾ ಹೆಸರಿಡುವುದಕ್ಕೆ ಉದಾಸೀನವಾಗಿ ಇಬ್ಬರೂ 'ಪಾರ್ಟ್1' ಅಂತಲೇ ಸೇವ್ ಮಾಡಿರುತ್ತಾರೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಮಾಡಿ ವಿಂಡೋಸಿನ 260 ಅಕ್ಷರಗಳ ಹಳೆಯ ಮಿತಿ ದಾಟಿದವರನ್ನೂ ನೋಡಿದ್ದೇನೆ. ಇನ್ನು ಮನೆಯಿಂದ ಕೆಲಸ ಮಾಡುವವರ ಕಥೆ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ಮನೆಯವರು ಮೋಡೆಮ್ಮಿನ ವಯರು ಎಳೆದು ಬಿಡುತ್ತಾರೆ, ಫೈಲು ಅರ್ಧ ದಾರಿಯಲ್ಲಿ!

ಇವೆಲ್ಲ ತಲೆನೋವು ಹೌದು, ಆದರೆ ಅಪಾಯ ಅಲ್ಲ. ಫೈಲು ಪೂರ್ತಿ ಹೊರಗೇ ಉಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ನಿಜವಾದ ಅಪಾಯ ಅರ್ಧ ಒಳಗೆ ಹೋಗಿ ಅರ್ಧ ಹೊರಗೆ ಉಳಿದಾಗ. ನನ್ನ ಓಕೆ ಭಯ ಹುಟ್ಟಿದ್ದು ಅಲ್ಲಿ.

ಕಳೆದ ವರ್ಷದ ಮಾತು. ಈಗ ಫೋನು ಮಾಡಿದನಲ್ಲ, ಆ ಹುಡುಗ ಆಗ ಸೇರಿ ನಾಲ್ಕು ತಿಂಗಳಾಗಿತ್ತು. ಪುತ್ತೂರು ಕಡೆಯವನು, ಡಿಪ್ಲೊಮಾ ಮಾಡಿದವನು. ಕೈ ಚುರುಕು, ಇಂಗ್ಲಿಷ್ ಸ್ವಲ್ಪ ಕಷ್ಟ. ಒಂದು ಬ್ರಾಕೆಟ್ಟಿನಲ್ಲಿ ಎರಡು ತೂತುಗಳ ನಡುವಿನ ಅಂತರ 120 ಮಿಲಿಮೀಟರ್ ಇದ್ದದ್ದನ್ನು 135 ಮಾಡಬೇಕಿತ್ತು. ಸರಿಯಾಗಿಯೇ ಮಾಡಿದ. ಬೋಲ್ಟ್ ಬದಲಾಗಿತ್ತು, ಅದರ ಮಾಡೆಲನ್ನು ಇಂಟರ್ನೆಟ್ಟಿನಿಂದ ಇಳಿಸಿ ಅಸೆಂಬ್ಲಿಗೆ ಸೇರಿಸಿದ. ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಚೆಕ್ ಇನ್ ಮಾಡಿದ.

ಒಟ್ಟು ಹನ್ನೊಂದು ಫೈಲು. ಒಂಬತ್ತಕ್ಕೆ ಹಸಿರು ಗುರುತು ಬಂತು, ಎರಡಕ್ಕೆ ಕೆಂಪು. ಆ ಬೋಲ್ಟು ಅವನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿದಿತ್ತು. ಹೊರಗಿನ ಫೈಲನ್ನು ನಂಬಿಕೊಂಡಿರುವ ಯಾವುದನ್ನೂ ಒಳಗೆ ಬಿಡಬಾರದು ಅಂತ ವಾಲ್ಟಿಗೆ ನಾವೇ ಹೇಳಿಟ್ಟಿದ್ದೆವು. ಹಾಗಾಗಿ ಅಸೆಂಬ್ಲಿ ಮತ್ತು ಅದರ ಡ್ರಾಯಿಂಗ್ ಹೊರಗೆ ಉಳಿದವು. ಬ್ರಾಕೆಟ್ಟು ಮಾತ್ರ ಒಳಗೆ ಹೋಯಿತು. ಪರದೆ ಮೇಲೆ ನಾಲ್ಕು ಸಾಲು ಇಂಗ್ಲಿಷು, ಒಂದು ನಂಬರು, ಕೆಳಗೆ ಓಕೆ. ಒತ್ತಿದ, ಹೋದ.

ಡ್ರಾಯಿಂಗ್ ಒಳಗೆ ಬಂದಾಗಲೆಲ್ಲ ಅದರ ಪಿಡಿಎಫ್ ತಾನಾಗಿ ತಯಾರಾಗುವ ಹಾಗೆ ಒಂದು ಸ್ಕ್ರಿಪ್ಟ್ ಉಂಟು. ಡ್ರಾಯಿಂಗೇ ಬರಲಿಲ್ಲವಲ್ಲ, ಹಳೆಯ ಪಿಡಿಎಫ್ ಹಾಗೇ ಕೂತಿತ್ತು. ಸೋಮವಾರ ಇನ್ನೊಬ್ಬರು ವಾಲ್ಟಿನಲ್ಲಿ ನೋಡಿದರು. ಬ್ರಾಕೆಟ್ಟಿಗೆ ಹೊಸ ವರ್ಶನ್ ಬಂದಿದೆ, ಪಕ್ಕದಲ್ಲೇ ಪಿಡಿಎಫ್ ಇದೆ, ಎಲ್ಲ ಸರಿ ಅಂದುಕೊಂಡು ಬೈಕಂಪಾಡಿಯ ವರ್ಕ್‌ಶಾಪಿಗೆ ಕಳಿಸಿದರು. ಅಲ್ಲಿ 10 ಮಿಲಿಮೀಟರ್ ಪ್ಲೇಟಿನಲ್ಲಿ 40 ಬ್ರಾಕೆಟ್ಟು ಕತ್ತರಿಸಿ ಆಯಿತು. ತೂತಿನ ಅಂತರ 120. ಫಿಟ್ಟಿಂಗಿಗೆ ಹೋದಾಗ ಫೋರ್‌ಮನ್ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಎಂತ ಮಾರಾಯ್ರೆ, ನಿಮ್ಮಲ್ಲಿ ಡ್ರಾಯಿಂಗ್ ಯಾರೂ ನೋಡುವುದಿಲ್ವಾ?"

ನಲವತ್ತೂ ಗುಜರಿಗೆ ಹೋದವು. ಮೀಟಿಂಗ್ ಆಯಿತು. ಚೆಕ್ ಇನ್ ಸರಿಯಾಗಿ ಮಾಡದವನು ಯಾರು? ಹೆಸರು ದಾಖಲೆಯಲ್ಲೇ ಇತ್ತು. ಎಲ್ಲರ ಎದುರಿಗೆ ಹುಡುಗನಿಗೆ ಬೈಗುಳ, ಮೂರು ತಿಂಗಳು ಪ್ರೊಬೇಷನ್ ಮುಂದಕ್ಕೆ. ಅವನು ತಲೆ ತಗ್ಗಿಸಿ ನಿಂತಿದ್ದ.

ನಾನೂ ಅಲ್ಲೇ ಕೂತಿದ್ದೆ. ಅರ್ಧ ಒಳಗೆ ಬಿಡುವ ಹಾಗೆ ವಾಲ್ಟನ್ನು ಸೆಟ್ ಮಾಡಿದವನು ನಾನು. ಭಾಗ ಹೊಸದು, ಡ್ರಾಯಿಂಗ್ ಹಳೆಯದು ಅಂತ ಗಮನಿಸದ ಆ ಸ್ಕ್ರಿಪ್ಟ್ ಬರೆದವನೂ ನಾನೇ. ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು ಮ್ಯಾನೇಜರ್ ಹತ್ತಿರ ಒಬ್ಬನೇ ಹೋಗಿ ಹೇಳಿದೆ. "ಆಯ್ತು, ಸರಿ ಮಾಡಿ" ಅಂದರು. ಪ್ರೊಬೇಷನ್ ಪತ್ರ ಆಗಲೇ ಹೋಗಿ ಆಗಿತ್ತು.

ಆವತ್ತಿನಿಂದ ನನಗೆ ಅನ್ನಿಸುವುದು ಇದು. ಚೆಕ್ ಇನ್ ತಪ್ಪಾದಾಗ ನಾವು ಮೊದಲು ಹುಡುಕುವುದು ಗುಂಡಿ ಒತ್ತಿದವನನ್ನು. ಆದರೆ ಅರ್ಧ ಒಳಗೆ, ಅರ್ಧ ಹೊರಗೆ ಬಿಡುವ ವ್ಯವಸ್ಥೆ ಇಟ್ಟುಕೊಂಡದ್ದೇ ದೊಡ್ಡ ತಪ್ಪು. ಆ ತಪ್ಪು ನಮ್ಮಂಥವರದ್ದು.

ಇದು ಹೊಸ ಜ್ಞಾನವೂ ಅಲ್ಲ, ಅದೇ ನಾಚಿಕೆಯ ವಿಷಯ. ಪ್ರೋಗ್ರಾಮ್ ಬರೆಯುವ ನಾವು ಈ ಪಾಠವನ್ನು ಎಂದೋ ಕಲಿತಿದ್ದೇವೆ. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆರ್‌ಸಿಎಸ್‌ನಲ್ಲೂ ಹೀಗೇ ಲಾಕ್ ಮಾಡಿ ತಿದ್ದುವ ಪದ್ಧತಿ ಇತ್ತು. ಆಮೇಲೆ ಬಂದ ಸಿವಿಎಸ್‌ನಲ್ಲಿ ಲಾಕ್ ಇಲ್ಲದೆ ಇಬ್ಬರು ತಿದ್ದಿ, ಆಮೇಲೆ ಸೇರಿಸಬಹುದಿತ್ತು. ಆದರೆ ಅದು ಒಂದೊಂದೇ ಫೈಲನ್ನು ಒಳಗೆ ತೆಗೆದುಕೊಳ್ಳುತ್ತಿತ್ತು, ನಡುವೆ ಕೈಕೊಟ್ಟರೆ ಅರ್ಧ ಹೊಸದು, ಅರ್ಧ ಹಳೆಯದು. 2004ರಲ್ಲಿ 1.0 ಆಗಿ ಬಂದ ಸಬ್‌ವರ್ಶನ್ ಇದನ್ನು ಸರಿ ಮಾಡಿತು. ಹೋದರೆ ಎಲ್ಲವೂ ಒಟ್ಟಿಗೆ, ಇಲ್ಲದಿದ್ದರೆ ಒಂದೂ ಇಲ್ಲ. 2005ರಲ್ಲಿ ಬಂದ ಗಿಟ್‌ನಲ್ಲೂ ಹಾಗೆಯೇ. ಪ್ರೋಗ್ರಾಮ್ ಅಂದರೆ ಬರಹ, ಸಾಲು ಸಾಲಾಗಿ ಹೋಲಿಸಿ ಸೇರಿಸಬಹುದು. ಯಂತ್ರದ ಮಾಡೆಲನ್ನು ಹಾಗೆ ಸೇರಿಸಲಿಕ್ಕೆ ಆಗುವುದಿಲ್ಲ, ಆದ್ದರಿಂದ ಲಾಕ್ ಬೇಕೇ ಬೇಕು. ಒಪ್ಪಿದೆ. ಆದರೆ "ಎಲ್ಲವೂ ಅಥವಾ ಒಂದೂ ಇಲ್ಲ" ಅನ್ನುವುದಕ್ಕೆ ಏನು ಅಡ್ಡಿ? ನಮ್ಮ ವಾಲ್ಟಿನಲ್ಲಿ ಅಡ್ಡಿ ಇದ್ದದ್ದು ನನ್ನ ಉದಾಸೀನ ಮಾತ್ರ.

"ಇಷ್ಟೆಲ್ಲ ಯಾಕೆ? ಒಂದು ಶೇರ್ಡ್ ಫೋಲ್ಡರ್ ಇಟ್ಟುಕೊಂಡರೆ ಸಾಕು" ಅನ್ನುವ ಹಿರಿಯರಿದ್ದಾರೆ. ಮೂರು ಜನ ಇರುವ ಆಫೀಸಿಗೆ ಸಾಕಾಗಬಹುದು, ಸುಳ್ಳು ಹೇಳುವುದಿಲ್ಲ. ಜನ ಹೆಚ್ಚಾದ ಹಾಗೆ 'ಫೈನಲ್', 'ಫೈನಲ್2', 'ಇದೇ ಫೈನಲ್' ಶುರುವಾಗುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ತಂತಿ ಇದೆ. ಜರ್ಮನಿಯ ಹ್ಯಾಂಬರ್ಗಿನವರು ಕ್ಯಾಟಿಯಾ ಸಾಫ್ಟ್‌ವೇರಿನ 4ನೇ ಆವೃತ್ತಿಯಲ್ಲಿ, ಫ್ರಾನ್ಸಿನ ಟುಲೂಸಿನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ತಂತಿಗಳ ಕಟ್ಟು ವಿಮಾನದೊಳಗೆ ಸರಿಯಾಗಿ ಕೂರಲಿಲ್ಲ. 2006ರಲ್ಲಿ ಕೊಡಬೇಕಿದ್ದ ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ. ನಮ್ಮ 15 ಮಿಲಿಮೀಟರ್ ಅದರ ಮುಂದೆ ಏನೂ ಅಲ್ಲ, ಆದರೆ ರೋಗ ಅದೇ: ಒಂದೇ ವಸ್ತುವಿಗೆ ಎರಡು ಸತ್ಯ.

ಎರಡು ಸತ್ಯದ ಕಷ್ಟ ನಮ್ಮ ಊರಿನ ಕೃಷಿಕರಿಗೆ ಬೇರೆ ಹೇಳಬೇಕಾಗಿಲ್ಲ. ಮೊದಲು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು, ಅವರ ಕೈಬರಹದ ಪುಸ್ತಕವೇ ಪ್ರಮಾಣ. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂತು, ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಕಂಪ್ಯೂಟರ್ ತಂದದ್ದಲ್ಲ. ಕಂಪ್ಯೂಟರಿನದ್ದು ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಮಾಡಿದ್ದು. ಜೊತೆಗೆ ತಾಲೂಕು ಕಚೇರಿಯಲ್ಲಿ ಕೌಂಟರು ಇಟ್ಟು, ಕೊಡಲಿಕ್ಕೆ ಜನರನ್ನೂ ಕೂರಿಸಿದರು. ನಾವು ವಾಲ್ಟ್ ತಂದೆವು, ಆದರೆ ವಾಟ್ಸಾಪಿನಲ್ಲಿ ಬಂದ ಪಿಡಿಎಫ್‌ಗೂ ಅಷ್ಟೇ ಬೆಲೆ ಕೊಟ್ಟೆವು. ಹೊಸಬರಿಗೆ ಅರ್ಧ ದಿನ ಕೂತು ಕಲಿಸುವವರೂ ಇರಲಿಲ್ಲ. ಲೈಸೆನ್ಸಿಗೆ ದುಡ್ಡು ಉಂಟು, ಕಲಿಸಲಿಕ್ಕೆ ಸಮಯ ಇಲ್ಲ!

ಈಗ ನಮ್ಮಲ್ಲಿ ನಾಲ್ಕು ಬದಲಾವಣೆ ಮಾಡಿದ್ದೇನೆ. ಒಂದು ಫೈಲಿಗೆ ಕೆಂಪು ಬಂದರೂ ಆ ಕಟ್ಟಿನಲ್ಲಿ ಯಾವುದೂ ಒಳಗೆ ಹೋಗುವುದಿಲ್ಲ. ಭಾಗ ಹೊಸದಾಗಿ ಡ್ರಾಯಿಂಗ್ ಹಳೆಯದಾಗಿದ್ದರೆ ಪಿಡಿಎಫ್ ಮೇಲೆ ಅಡ್ಡಕ್ಕೆ ದೊಡ್ಡದಾಗಿ 'ಹಳೆಯದು' ಅಂತ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಯಾರ ಹೆಸರಿನಲ್ಲಿ ಏನು ಚೆಕ್ ಔಟ್ ಆಗಿದೆ ಅನ್ನುವ ಪಟ್ಟಿ ಎಲ್ಲರಿಗೂ ಹೋಗುತ್ತದೆ, ಕೋಲಕ್ಕೆ ಹೋಗುವವರು ಕೊಟ್ಟು ಹೋಗಬೇಕು. ಊರಿಗೆ ಹೋದವರ ಲಾಕನ್ನು ನಾನು ಬಿಡಿಸಬಹುದು, ಆದರೆ ಅವರು ತಿದ್ದಿದ್ದು ಅವರ ಕಂಪ್ಯೂಟರಿನಲ್ಲೇ ಅನಾಥವಾಗಿ ಉಳಿಯುತ್ತದೆ. ಅವರನ್ನು ಕೇಳದೆ ನಾನು ಅದನ್ನು ಮಾಡುವುದಿಲ್ಲ.

ನಾಲ್ಕನೆಯದು ನನಗೆ ಬಹಳ ಇಷ್ಟ. ನಾವು ಹೆಚ್ಚಾಗಿ ಕಾಣುವ ತೊಂದರೆಗಳಿಗೆ ಸಂದೇಶವನ್ನು ಕನ್ನಡದಲ್ಲಿ ಬರೆದೆ. "ಬೋಲ್ಟಿನ ಫೈಲು ನಿಮ್ಮ ಡೌನ್‌ಲೋಡ್ಸ್‌ನಲ್ಲಿದೆ. ಅದನ್ನು ವಾಲ್ಟಿನೊಳಗೆ ಹಾಕಿ, ಮತ್ತೆ ಪ್ರಯತ್ನಿಸಿ. ಈಗ ಯಾವುದೂ ಒಳಗೆ ಹೋಗಿಲ್ಲ." ಇಷ್ಟೇ. ಮಾಡಲಿಕ್ಕೆ ಎರಡು ಸಂಜೆ ಹಿಡಿಯಿತು. ಯೂನಿಕೋಡ್ ಬಂದು ಎಷ್ಟು ಕಾಲವಾಯಿತು! ಮಾಡಬಹುದು ಅಂತ ನನಗೇ ಹೊಳೆಯಲು 40 ಬ್ರಾಕೆಟ್ಟು ಗುಜರಿಗೆ ಹೋಗಬೇಕಾಯಿತು.

ಹಾಗಾದರೆ ಮೊನ್ನೆ ಶನಿವಾರ ಇಂಗ್ಲಿಷ್ ಯಾಕೆ ಬಂತು? ನಾನು ಇನ್ನೂ ಕನ್ನಡಕ್ಕೆ ತಾರದ ಒಂದು ಸಂದೇಶ ಅದು. ಅಸೆಂಬ್ಲಿಯ ಫೈಲು ಬೇರೆ ಕಿಟಕಿಯಲ್ಲಿ ತೆರೆದಿತ್ತು ಅಷ್ಟೆ. ಮುಚ್ಚಲಿಕ್ಕೆ ಹೇಳಿದೆ. ಎರಡು ನಿಮಿಷ ಬಿಟ್ಟು ಅವನೇ ಅಂದ, "ಹದಿನಾಲ್ಕಕ್ಕೆ ಹದಿನಾಲ್ಕೂ ಹಸಿರು ಸರ್, ಎಣಿಸಿದೆ."

ಅವನು ಎಣಿಸುತ್ತಾನೆ ಅಂತ ಖುಷಿಯೂ ಆಯಿತು, ಬೇಸರವೂ ಆಯಿತು. ಎಣಿಸುವ ಕೆಲಸ ಕಂಪ್ಯೂಟರಿನದ್ದು. ಬೈಗುಳ ತಿಂದ ಮೇಲೆ ಅವನಿಗೆ ಕಂಪ್ಯೂಟರಿನ ಮೇಲೆ ನಂಬಿಕೆ ಇಲ್ಲ, ಅದರಲ್ಲಿ ಅವನ ತಪ್ಪೂ ಇಲ್ಲ. ಆ ದಿನ ಮೀಟಿಂಗಿನಲ್ಲಿ ಸುಮ್ಮನೆ ಕೂತದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೇನೆ. "ಪರವಾಗಿಲ್ಲ ಸರ್" ಅಂದ. ಪರವಾಗಿಲ್ಲ ಅಂತ ನನಗೆ ಇನ್ನೂ ಅನ್ನಿಸಿಲ್ಲ.

ನಿಮ್ಮ ಆಫೀಸಿನಲ್ಲೂ ವಾಲ್ಟ್ ಇದ್ದರೆ ಸೋಮವಾರ ಒಂದು ಕೆಲಸ ಮಾಡಿ. ಬೇಕೆಂದೇ ಒಂದು ಫೈಲನ್ನು ಹೊರಗಿಟ್ಟು ಚೆಕ್ ಇನ್ ಮಾಡಿ ನೋಡಿ. ಎಷ್ಟು ಒಳಗೆ ಹೋಯಿತು, ಅದು ಎಂತ ಹೇಳಿತು, ನಿಮ್ಮಲ್ಲಿ ನಿನ್ನೆ ಸೇರಿದ ಹುಡುಗನಿಗೆ ಅರ್ಥವಾಯಿತಾ ಅಂತ ಕೇಳಿ. ಅವನಿಗೆ ಅರ್ಥವಾಗದಿದ್ದರೆ ಬೈಯಬೇಡಿ, ನನ್ನಂಥವನೊಬ್ಬ ಅಲ್ಲೇ ಎಲ್ಲೋ ಮೂಲೆಯಲ್ಲಿ ಕೂತಿರುತ್ತಾನೆ, ಅವನನ್ನು ಕರೆಯಿರಿ :)