ಎತ್ತಿಗೊಂದು ನ್ಯಾಯ, ನಮಗೊಂದು ನ್ಯಾಯವೇ?

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರ ಬಾಗಿಲಿಗೆ ಓಡುತ್ತೇವೆ. ನಮಗೇ ತಲೆ ಸುತ್ತಿದರೆ? 'ಏನಾಗಲ್ಲ ಬಿಡು' ಅಂತ ಬೀಡಿ ಹಚ್ತೀವಿ. ನಾನೂ ಹಾಗೇ ಇದ್ದವನು.

ರಕ್ತದೊತ್ತಡ ಹೇಳಿ ಕೇಳಿ ಬರುವುದಿಲ್ಲ. 140/90 ದಾಟಿದ್ದರೂ ಎಷ್ಟೋ ಜನಕ್ಕೆ ಮೈಗೆ ಏನೂ ತೋರದು. ಲಕ್ವ ಹೊಡೆದ ಮೇಲೆಯೇ ಗೊತ್ತಾಗುವುದು. ಆಮೇಲೆ ಆಸ್ಪತ್ರೆಗೆ ಕೈಸಾಲ, ಬಡ್ಡಿ, ಕೊನೆಗೆ ಜಮೀನು. ಬೆಲೆ ಕುಸಿದು ಆದ ಸಾಲಕ್ಕೆ ಸರ್ಕಾರವನ್ನು ಕೇಳೋಣ. ಈ ಸಾಲಕ್ಕೆ ಯಾರನ್ನು ಕೇಳೋದು?

30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಮಾತ್ರೆ ಬರೆದುಕೊಟ್ಟರೆ 'ವಾಸಿಯಾಯ್ತು' ಅಂತ ನೀವಾಗಿಯೇ ನಡುವೆ ಬಿಡಬೇಡಿ. ಗೊಬ್ಬರಕ್ಕೆ ಸೊಸೈಟಿಗೆ ಹೋದ ದಿನವೇ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನೋಡಿಸಿ ಬನ್ನಿ. ಐದು ನಿಮಿಷದ ಕೆಲಸ.