ಕೊಲೆಯ ಬಳಿಕದ ಕುಣಿತ

ಮೊನ್ನೆ ಪಾಠ ಮುಗಿದ ಮೇಲೆ ಮದ್ರಸದ ಅಂಗಳದಲ್ಲಿ ಹತ್ತು ವರ್ಷದ ಬಾಲಕನೊಬ್ಬ ಹುಲಿವೇಷದ ಹೆಜ್ಜೆ ಹಾಕುತ್ತಿದ್ದ. ಎಲ್ಲಿ ಕಲಿತೆ ಎಂದು ಕೇಳಿದೆವು. “ಮೊಬೈಲಲ್ಲಿ ಉಸ್ತಾದ್, ಶಿವ ಕುಣಿಯುವುದು.” ಚಲನಚಿತ್ರ ನೋಡಿದ್ದೀಯಾ? ಇಲ್ಲ. ಶಿವ ಏಕೆ ಕುಣಿಯುತ್ತಾನೆ? “ಸುಮ್ಮನೆ.”

ಸುಮ್ಮನೆ ಅಲ್ಲ. 2021ರ ನವೆಂಬರಿನಲ್ಲಿ ತೆರೆಕಂಡ, ಮಂಗಳೂರಿನ ಬೀದಿಗಳ ರೌಡಿಸಂ ಕುರಿತಾದ ‘ಗರುಡ ಗಮನ ವೃಷಭ ವಾಹನ’ದಲ್ಲಿ ಆ ಕುಣಿತ ಬರುವುದು ನರಹತ್ಯೆಯೊಂದರ ಬೆನ್ನಿಗೇ. ರಾಜ್ ಬಿ. ಶೆಟ್ಟಿಯವರೇ ನಿರ್ದೇಶಿಸಿ, ಶಿವನ ಪಾತ್ರವನ್ನೂ ವಹಿಸಿದ್ದಾರೆ. ಹಿನ್ನೆಲೆಯಲ್ಲಿ ಮಾದೇಶ್ವರನ ಭಕ್ತರು ತಲೆಮಾರುಗಳಿಂದ ಹಾಡಿಕೊಂಡು ಬಂದ ಜನಪದ ಗೀತೆ. ಹಬ್ಬದ ಕುಣಿತ ಒಬ್ಬರದು, ಭಕ್ತಿಯ ಹಾಡು ಇನ್ನೊಬ್ಬರದು; ಎರಡನ್ನೂ ತಂದು ಕೊಲೆಗಾರನಿಗೆ ಉಡಿಸಿದ್ದಾರೆ. ಹೊರಗಿನವರಾದ ನಮಗೇ ಇದು ಚುಚ್ಚಿತು.

ಚಿತ್ರವನ್ನು ಮೆಚ್ಚುವವರ ಉತ್ತರ ನಮಗೆ ತಿಳಿಯದ್ದಲ್ಲ. ಇದು ಹಿಂಸೆಯ ವೈಭವೀಕರಣವಲ್ಲ, ಹರಿ ಮತ್ತು ಶಿವರ ಸ್ನೇಹ ಹೇಗೆ ಹಾಳಾಯಿತೆಂಬುದನ್ನು ನೋಡಿ ಎನ್ನುತ್ತಾರೆ. ಒಪ್ಪೋಣ. ಅಭಿನಯವೂ ಛಾಯಾಗ್ರಹಣವೂ ಉತ್ತಮವೆಂಬುದನ್ನೂ ಅಲ್ಲಗಳೆಯೆವು. ಆದರೆ ಆ ಅಂತ್ಯ ಯಾರ ಮೊಬೈಲಿಗೆ ಬಂದಿದೆ? ಎರಡೂವರೆ ಗಂಟೆಯ ಕಥೆಯಿಂದ ಕಳಚಿಕೊಂಡು ಊರೂರು ಅಲೆದದ್ದು ಕುಣಿತವೊಂದೇ. ದೃಶ್ಯವನ್ನು ಅಷ್ಟು ಮನೋಹರವಾಗಿ ಕಟ್ಟಿದವರಿಗೆ, ಅದನ್ನು ಕತ್ತರಿಸಿ ಹಂಚುವರೆಂಬ ಅರಿವು ಇರಲಿಲ್ಲವೇ?

ಆದಮರ ಪುತ್ರರ ವೃತ್ತಾಂತವನ್ನು ನಮ್ಮ ಮಕ್ಕಳು ಬಲ್ಲರು. ತಮ್ಮನನ್ನು ಕೊಂದ ಅಣ್ಣ, ಶವವನ್ನೇನು ಮಾಡಬೇಕೆಂದು ತೋಚದೆ ನಿಂತ. ಮಣ್ಣು ಕೆದಕುವ ಕಾಗೆಯನ್ನು ಕಂಡು ಪಶ್ಚಾತ್ತಾಪಪಟ್ಟ. ಮೊದಲ ಕೊಲೆಗಾರನಿಗೂ ಕಾಲು ಕುಣಿಯಲಿಲ್ಲ. ಮಂಗಳೂರಿನ ಕಥೆ ಬೇರೆಯೇ? ಇಲ್ಲಿಯೂ ಒಂದು ಕೊಲೆಯಾದರೆ ಸಂಜೆಗೇ ಅಂಗಡಿಗಳ ಬಾಗಿಲು ಮುಚ್ಚುತ್ತವೆ, ಮಗ ಮನೆ ಸೇರುವವರೆಗೆ ತಾಯಿ ಹೊಸ್ತಿಲಲ್ಲೇ ಕುಳಿತಿರುತ್ತಾಳೆ. ಆ ತಾಯಿ ಯಾವ ಸಮುದಾಯದವಳೆಂದು ಕೇಳಬೇಕಾಗಿಲ್ಲ. ಅವಳನ್ನು ಬಲ್ಲ ಊರಿನಲ್ಲೇ ಕೊಲೆಯ ಬಳಿಕದ ಗಳಿಗೆ ಮಕ್ಕಳ ಆಟವಾಯಿತು.

ನಿರ್ದೇಶಕರನ್ನಷ್ಟೇ ದೂರಿ ಕೈತೊಳೆದುಕೊಳ್ಳಲು ನಮಗೆ ಬಾಯಿಲ್ಲ. ಟಾಕೀಸಿನ ಕಡೆ ತಲೆ ಹಾಕಬೇಡವೆಂದು ಗದರಿಸಿ, ಎರಡು ತುತ್ತು ಉಣ್ಣಲೆಂದು ಅದೇ ಮಗುವಿನ ಕೈಗೆ ಮೊಬೈಲು ಕೊಡುವವರು ಯಾರು? ಆ ಬಾಲಕನನ್ನು ಹತ್ತಿರ ಕರೆದು, ವಿಡಿಯೊ ಎಲ್ಲಿಂದ ಬಂತು ಮಗನೇ ಎಂದು ವಿಚಾರಿಸಿದೆವು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಅವನ ಸೋದರಮಾವ ಕಳುಹಿಸಿದ್ದನಂತೆ, ಈದ್ ಶುಭಾಶಯದ ಮರುದಿನ.